ಒಡೆಯಬೇಕಾಗಿದ್ದ ಬುರುಡೆ

ನನ್ನ ದೀಪ ಧಾರಾಳವಾಗಿ ಉರಿಯುತ್ತಿತ್ತು. ಆದರೆ ಒಂದು ಅಣುವನ್ನೂ ಒಡೆಯುತ್ತಿರಲಿಲ್ಲ.

ಅದು ೧೯೬೭. ದಿಬ್ಬೂರಹಳ್ಳಿಯ ವೆಂಕಟರತ್ನಮ್ಮ ಎಂಬ ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅಣುಗಳನ್ನು ತೂಗುವ ಯಂತ್ರದ ಮುಂದೆ ಕೂತಿದ್ದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಒಳಗೆ ಬಿಟ್ಟರೆ ಅಣು ಒಡೆದು, ಚೂರುಗಳ ತೂಕ ಕಾಗದದ ಮೇಲೆ ಗೆರೆಯಾಗಿ ಏಳಬೇಕು. ಪರದೇಶದ ದೀಪಕ್ಕೆ ಪರವಾನಗಿ ಸಿಗದೆ, ಬೀದಿಗೆ ಹಾಕುವ ಪಾದರಸದ ದೀಪವನ್ನೇ ತಂದಿದ್ದೆ. ಮಾಮೂಲಿ ಗಾಜು ಆ ಬೆಳಕನ್ನು ತಡೆಯುತ್ತದೆಂದು ಯಂತ್ರದ ಕಿಟಕಿಗೆ ಅದನ್ನು ತಡೆಯದ ಕ್ವಾರ್ಟ್ಜ್ ಬಿಲ್ಲೆ ಕೂರಿಸಿದ್ದೆ. ದೀಪದ ಹೊರಗಿನ ಗಾಜಿನ ಬುರುಡೆಯನ್ನು ದಿನವೂ ಅಮ್ಮನ ಹಳೇ ಸೀರೆಯ ತುಂಡಿನಿಂದ ಒರೆಸುತ್ತಿದ್ದೆ. ಎರಡು ತಿಂಗಳಾದರೂ ಗೆರೆ ಏಳಲಿಲ್ಲ.

"ಸೋಮವಾರದವರೆಗೆ ನೋಡ್ತೀನಮ್ಮ. ಆಮೇಲೆ ಯಂತ್ರ ಬೇರೆಯವರಿಗೆ," ಎಂದರು ನಮ್ಮ ಮುಖ್ಯಸ್ಥರಾದ ನರಸಿಂಹಪ್ಪನವರು.

ಶನಿವಾರ ಸಿಡಿಮಿಡಿಗೊಂಡೇ ಊರಿನ ಬಸ್ಸು ಹತ್ತಿದೆ. ಶಿಡ್ಲಘಟ್ಟದಲ್ಲಿ ಇಳಿದು, ಎಂಟನೇ ಕ್ಲಾಸಿನವರೆಗೂ ನನ್ನ ಪಕ್ಕ ಕೂತಿದ್ದ ಶಕೀಲಾಳ ಮನೆಗೆ ಹೋದೆ. ಜಗಲಿಯ ಮೇಲೆ ಚರಕ ಹಾಕಿಕೊಂಡು ರೇಷ್ಮೆ ಬಿಚ್ಚುತ್ತಿದ್ದಳು. ಅವಳ ಕಣ್ಣು ನೋಡಿ ನನಗೆ ಗಾಬರಿಯಾಯಿತು.

"ಏನೇ ಇದು, ಅತ್ತಿದ್ದೀಯಾ?"

"ಅಳೋಕೆ ಪುರುಸೊತ್ತೆಲ್ಲೈತೆ? ಒಂದು ವಾರದಿಂದ ಮರಳು ಬಿದ್ದಂಗೆ ಉರೀತೈತೆ ಕಣೇ. ರೇಷ್ಮೆಗೂಡು ಬೇಯ್ಸೋ ಹೊಗೆ ಅಂತಾರೆ. ಹೊಗೆ ಆದ್ರೆ ನನ್ ತಂಗಿ ಷಮೀಮ್‌ಗೆ ಯಾಕಿಲ್ಲ? ಒಳಗೆ ಒಲೆ ಪಕ್ಕಾನೇ ಕೂತಿರ್ತಾಳೆ."

"ಮತ್ತೆ?"

ಅವಳು ಮನೆಯೆದುರಿನ ದೀಪದ ಕಂಬ ತೋರಿಸಿದಳು. ಅದೂ ನನ್ನದರಂಥದೇ ಪಾದರಸದ ದೀಪ. "ಆಲಿಕಲ್ಲು ಬಿದ್ದು ಅದರ ಬುರುಡೆ ಒಡೀತು. ಒಳಗಿನ ಕೊಳವೆ ಮಾತ್ರ ಉರೀತೈತೆ. ರಾತ್ರಿ ಅದರ ಬೆಳಕಲ್ಲೇ ನಾನಿಲ್ಲಿ ರೇಷ್ಮೆ ಬಿಚ್ಚೋದು, ಅವತ್ತಿಂದಾನೇ ನನ್ ಕಣ್ಣು ಕೆಟ್ಟಿದ್ದು. ಷಮೀಮ್ ಮೇಲೂ ಅದೇ ಬೆಳಕು ಬೀಳ್ತೈತೆ, ಆದ್ರೆ ಅವಳು ಗಾಜಿನ ಕಿಟಕಿ ಹಿಂದೆ ಕೂತಿರ್ತಾಳೆ. ಗಾಜು ಏನೋ ತಡೀತೈತೆ ಅಂದ್ರೆ ಎಲ್ರೂ ನಗ್ತಾರೆ."

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಅವಳ ಕಣ್ಣು ಸುಟ್ಟದ್ದು ನಾನು ಎರಡು ತಿಂಗಳು ಕಾದಿದ್ದ ಅದೇ ನೇರಳಾತೀತ ಬೆಳಕು. ಕಿಟಕಿಗೆ ಕ್ವಾರ್ಟ್ಜ್ ಹಾಕಿಸಿದ ಮಹಾ ಬುದ್ಧಿವಂತೆ ದೀಪದ ಮೈಮೇಲಿನ ಗಾಜನ್ನೇ ಮರೆತಿದ್ದೆ! ಮರೆತದ್ದಷ್ಟೇ ಅಲ್ಲ, ದಿನಾ ಒರೆಸಿ ಕಾಪಾಡಿದ್ದೆ. ನಮ್ಮ ಮನೆಯಲ್ಲಿ ಲಾಂದ್ರದ ಗಾಜು ಒಡೆದರೆ ಅಮ್ಮ ಎರಡು ದಿನ ಮಾತು ಬಿಡುತ್ತಿದ್ದಳು. ಅಂಥ ಮನೆಯ ಮಗಳಿಗೆ ಹೊಸ ದೀಪ ಒಡೆಯುವ ಯೋಚನೆ ಎಲ್ಲಿಂದ ಬಂದೀತು?

"ಮೊದಲು ಒಳಗೆ ನಡಿ," ಎಂದು ಚರಕವನ್ನು ನಾನೇ ಎಳೆದೆ. ಕತ್ತಲಾಗುವ ಮುಂಚೆಯೇ ಲೈನ್‌ಮನ್ ಲಾಲ್ ಬಾಷಾನನ್ನು ಹಿಡಿದು ತಂದು ಆ ದೀಪ ಬಿಚ್ಚಿಸಿದೆ.

ಸೋಮವಾರ ಬೆಳಿಗ್ಗೆ ನನ್ನ ದೀಪವನ್ನು ಟವೆಲ್‌ನಲ್ಲಿ ಸುತ್ತಿ, ಕಣ್ಣು ಮುಚ್ಚಿ ಸುತ್ತಿಗೆಯಿಂದ ಕುಟ್ಟಿದೆ. ಹೊರಗಿನ ಬುರುಡೆ ಪುಡಿಯಾಯಿತು, ಒಳಗಿನ ಕ್ವಾರ್ಟ್ಜ್ ಕೊಳವೆ ಉಳಿಯಿತು. ಯಾರ ಕಣ್ಣಿಗೂ ಬೆಳಕು ತಾಗದಂತೆ ಸುತ್ತ ತಗಡು ಕಟ್ಟಿ ಸ್ವಿಚ್ ಹಾಕಿದೆ. ಕಾಗದದ ಮೇಲೆ ಯಂತ್ರದ ಲೇಖನಿ ಮೊದಲು ಸುಮ್ಮನಿತ್ತು. ಆಮೇಲೆ ಎಂದೂ ಏಳದ ಜಾಗದಲ್ಲಿ ಒಂದು ಗೆರೆ ಎದ್ದಿತು. ಪಕ್ಕದಲ್ಲೇ ಇನ್ನೊಂದು. ನಾನು ಅತ್ತುಬಿಟ್ಟೆ.

"ಯಾರಮ್ಮ ಹೇಳಿಕೊಟ್ಟಿದ್ದು?" ನರಸಿಂಹಪ್ಪನವರು ಕಾಗದಕ್ಕೆ ಬಾಗಿದರು.

"ಶಕೀಲಾ ಅಂತ ಸಾರ್."

"ಯಾವ ಕಾಲೇಜು?"

"ಎಂಟನೇ ಕ್ಲಾಸು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ತಾಳೆ."

ಅವರು ನಕ್ಕರು. ನನಗೆ ರೇಗಿತು. ಪ್ರಯೋಗದ ಪುಸ್ತಕ ತೆರೆದು ಅವರೆದುರೇ ಬರೆದೆ: ‘ದೀಪದ ಬುರುಡೆಯ ಗಾಜೇ ತಡೆಯುವುದನ್ನು ಮೊದಲು ಗಮನಿಸಿದವರು ಶಕೀಲಾ, ಶಿಡ್ಲಘಟ್ಟ.’ ಅವರು ಲೇಖನಿ ಕೇಳಿದರು. ಹೊಡೆದುಹಾಕುತ್ತಾರೆ ಅಂದುಕೊಂಡೆ. ಅದರ ಕೆಳಗೆ ಸಹಿ ಮಾಡಿದರು.

ಮುಂದಿನ ಶನಿವಾರ ಆ ಪುಟದ ನಕಲು ಮಾಡಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಶಕೀಲಾಳ ಕಣ್ಣು ತಿಳಿಯಾಗಿತ್ತು. ಒದ್ದೆ ಕೈಯನ್ನು ಒರೆಸಿಕೊಂಡು, ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು.

"ಇದನ್ನ ನಾನೇ ಇಟ್ಕೊಳ್ಳಲೇನೇ?" ಎಂದಳು. "ನಕ್ಕೋರ್ಗೆಲ್ಲ ತೋರಿಸ್ಬೇಕು."