ಅತ್ತಿಗೆಗೆ ಮಾತ್ರ ತೆರೆಯದ ಬಾಗಿಲು

ಕಂಪ್ಯೂಟರಿನ ಹೊಟ್ಟೆಯೊಳಗಿನ ಕರುಳನ್ನೆಲ್ಲ ಎಣಿಸಿ ಹೇಳಬಲ್ಲವಳು ಏಳು ಊರಿಗೆ ನಾನೊಬ್ಬಳೇ. ಇದರಲ್ಲಿ ಅರ್ಧ ಸುಳ್ಳು ಅಂತ ಮೊದಲೇ ಒಪ್ಪಿಬಿಡುತ್ತೇನೆ. ಆರು ಊರನ್ನು ನಾನು ಕಂಡೇ ಇಲ್ಲ, ಪ್ರೆಸ್ಸಿನ ಕಸ ಗುಡಿಸುವಾಗ ಕಂಪ್ಯೂಟರನ್ನು ಒರೆಸಿದ್ದೇನೆಯೇ ಹೊರತು ಅದರ ಗುಂಡಿ ಒತ್ತಿಲ್ಲ. ಆದರೆ ಪಂಡಿತನ ಮುಖ ಇಂಗು ತಿಂದ ಮಂಗನ ಹಾಗಾದದ್ದು ಮಾತ್ರ ಅಪ್ಪಟ ನಿಜ.

ಪಂಡಿತ ಅಂದರೆ ಓದಿದ ಪಂಡಿತನಲ್ಲ. ತನ್ನ ಅಣ್ಣನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಮ್ಮ. ಅಲ್ಲಿದ್ದದ್ದು ಒಂದೇ ಲಿನಕ್ಸ್ ಕಂಪ್ಯೂಟರ್. ಅಣ್ಣನಿಗೊಂದು ಖಾತೆ, ಪಂಡಿತನಿಗೊಂದು, ಪುಟ ಜೋಡಿಸುವ ಅಣ್ಣನ ಹೆಂಡತಿ, ಅಂದರೆ ಅತ್ತಿಗೆಗೊಂದು. ಒಂದೇ ಮನೆಯಲ್ಲಿ ಮೂರು ಕೋಣೆ, ಮೂರು ಬೀಗ ಇದ್ದ ಹಾಗೆ.

ಆವತ್ತು ಬೆಳಿಗ್ಗೆ ಅತ್ತಿಗೆಯ ಕೋಣೆ ತೆರೆಯಲೇ ಇಲ್ಲ. ಪಾಸ್‌ವರ್ಡ್ ಒತ್ತಿದರೆ ಪರದೆ ಒಮ್ಮೆ ಕಪ್ಪಾಗಿ, ತಿರುಗಿ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಪಾಪ, ಸಾವಿರ ಸಲ ಒತ್ತಿದಳು. ಹೋಗಲಿ, ಹತ್ತು ಸಲ.

"ಅಣ್ಣಂದು ತೆರೀತು, ನಂದೂ ತೆರೀತು," ಅಂದ ಪಂಡಿತ, ಪುಸ್ತಕ ಕಟ್ಟುವವರಿಗೆಲ್ಲ ಕೇಳುವ ಹಾಗೆ. "ಮಿಷಿನ್ ಗುಂಡುಕಲ್ಲಿನ ಹಾಗಿದೆ ಅತ್ತಿಗೆ. ಕೆಟ್ಟಿರೋದು ನಿಮ್ಮ ಬೆರಳು. ಏನೋ ಒತ್ತಿದೀರ."

"ಇಲ್ಲಪ್ಪ, ನಾನೇನೂ ಒತ್ತಿಲ್ಲ."

"ಹಾಲು ಕುಡಿದ ಬೆಕ್ಕು ಯಾವತ್ತಾದ್ರೂ ಒಪ್ಕೊಂಡಿದ್ಯಾ?"

ಎಲ್ಲರೂ ಗೊಳ್ಳೆಂದರು. ಅಣ್ಣ ನಗಲಿಲ್ಲ. "ಎದ್ದು ಹೋಗಿ ಅಂಟು ಹಚ್ಚು ಹೋಗೇ. ನಾಳೆಯಿಂದ ಆ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ," ಅಂದುಬಿಟ್ಟ.

ಹನ್ನೊಂದು ವರ್ಷ ಕೂತ ಕುರ್ಚಿ. ಅತ್ತಿಗೆ ತನ್ನ ಕನ್ನಡಕದ ಡಬ್ಬಿಯನ್ನೂ ಪೆನ್ಸಿಲನ್ನೂ ಎತ್ತಿಕೊಂಡು ಅಂಟಿನ ಮೇಜಿಗೆ ಹೋದಳು.

ಪಂಡಿತ ಬರೀ ಅಕ್ಷರ ಮೂಡುವ ಕಪ್ಪು ಪರದೆಗೆ ಹೋಗಿ, ಅತ್ತಿಗೆಯ ಕೋಣೆಯಲ್ಲಿದ್ದದ್ದನ್ನೆಲ್ಲ, ಬಚ್ಚಿಟ್ಟ ಕಡತಗಳನ್ನೂ ಬಿಡದೆ, ಪಟ್ಟಿ ಮಾಡಿಸಿದ. ಪ್ರತಿ ಕಡತದ ಮುಂದೂ ಅದು ಯಾರದೆಂದು ಬರೆದಿರುತ್ತದೆ. ಅತ್ತಿಗೆ, ಅತ್ತಿಗೆ, ಅತ್ತಿಗೆ... ಬಾಗಿಲು ತೆರೆಸುವ ಪುಟ್ಟ ಕಡತದ ಮುಂದೆ ಮಾತ್ರ 'ರೂಟ್' ಎಂದಿತ್ತು. ರೂಟ್ ಅಂದರೆ ಇಡೀ ಯಂತ್ರದ ಧಣಿ. ಆ ಧಣಿಯ ಪಾಸ್‌ವರ್ಡ್ ಗೊತ್ತಿದ್ದದ್ದು ಪಂಡಿತನೊಬ್ಬನಿಗೇ. ಪಕ್ಕದಲ್ಲಿ ಅದನ್ನು ಕೊನೆಯ ಸಲ ತಿದ್ದಿದ ಹೊತ್ತೂ ಇತ್ತು: ನಿನ್ನೆ ಮಧ್ಯಾಹ್ನ ಒಂದೂ ಇಪ್ಪತ್ತು.

ನಿನ್ನೆ ಒಂದೂ ಇಪ್ಪತ್ತಕ್ಕೆ ಅತ್ತಿಗೆ ಊಟಕ್ಕೆ ಹೋಗಿದ್ದಳು. ಕಂಪ್ಯೂಟರಿಗೆ ಹೊಸ ಅಕ್ಷರದ ಫಾಂಟ್ ಹಾಕಲು ಕೂತವನು ಇವನೇ. ತನ್ನ ಖಾತೆಗೆ ಹೋಗಲು ಮೈಗಳ್ಳತನ. ತೆರೆದಿದ್ದ ಅವಳ ಖಾತೆಯಲ್ಲೇ ಧಣಿಯ ಅಧಿಕಾರ ಚಲಾಯಿಸಿದ್ದ. ಧಣಿ ಮುಟ್ಟಿದ್ದು ಧಣಿಯದೇ ಆಗಿ ಕೂತಿತ್ತು; ಸಂಜೆ ಮುಚ್ಚಿದ ಬಾಗಿಲು ಅವಳಿಗೆ ಮತ್ತೆ ತೆರೆಯಲಿಲ್ಲ. ಬೀಗಕ್ಕೆ ಎಣ್ಣೆ ಬಿಡಲು ಬಂದವನು ಬೀಗದ ಕೈಯನ್ನೇ ಜೇಬಿಗಿಳಿಸಿ ಹೋದ ಹಾಗೆ.

ಅವನ ಕಿವಿ ಎಷ್ಟು ಕಾದವೆಂದರೆ, ಪಕ್ಕದಲ್ಲಿಟ್ಟಿದ್ದರೆ ಅಂಟಿನ ಡಬ್ಬಿ ಕೊತಕೊತ ಕುದಿಯುತ್ತಿತ್ತು. ಮೀಸೆಗೆ ಹಾಲು ಹತ್ತಿದೆಯೇನೋ ಎಂಬಂತೆ ಒರೆಸಿಕೊಂಡ. ಹಿಂದೆ ನೋಡಿದ. ಒರೆಸುವ ಬಟ್ಟೆ ಹಿಡಿದ ನನ್ನನ್ನು ಬಿಟ್ಟರೆ ಯಾರೂ ನೋಡುತ್ತಿರಲಿಲ್ಲ. ಕಡತವನ್ನು ತಿರುಗಿ ಅತ್ತಿಗೆಯ ಹೆಸರಿಗೆ ಮಾಡಲು ಒಂದು ಸಾಲು ಸಾಕಾಯಿತು. ಆ ಒಂದು ಸಾಲನ್ನು ಅವನು ನಾಲ್ಕು ಸಲ ತಪ್ಪು ಒತ್ತಿದ. ಕೆಟ್ಟ ಬೆರಳು ಯಾರದೋ!

ಅತ್ತಿಗೆ ಬಂದು ಪಾಸ್‌ವರ್ಡ್ ಒತ್ತಿದಳು. ಬಾಗಿಲು ತೆರೆಯಿತು. ಅವಳ ಪುಟಗಳೆಲ್ಲ ಇಟ್ಟಲ್ಲೇ ಇದ್ದವು.

"ಭೇಷ್ ಕಣೋ!" ಅಣ್ಣ ಬೆನ್ನು ತಟ್ಟಿದ. ಆ ಪೆಟ್ಟು ಪಂಡಿತನಿಗೆ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. "ಏನು ಮಾಡಿಟ್ಟಿದ್ಲು ಹೇಳು ಅವಳಿಗೆ, ಬುದ್ಧಿ ಬರಲಿ."

ಅತ್ತಿಗೆ ಅಂಟಿನ ಬೆರಳಲ್ಲೇ ಪೆನ್ಸಿಲ್ ಹಿಡಿದು, ಕತ್ತರಿಸಿ ಉಳಿದ ಚೂರು ಕಾಗದ ಮುಂದಿಟ್ಟುಕೊಂಡಳು. ಕೊಂಕಿಲ್ಲ, ಕೋಪವಿಲ್ಲ.

"ಹೇಳಪ್ಪ, ಎಲ್ಲಿ ತಪ್ಪಿದೆ? ಬರ್ಕೋತೀನಿ. ಇನ್ನೊಂದ್ಸಲ ಹಂಗೆ ಮಾಡಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.  ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡ.

ಆ ಚೂರು ಕಾಗದ ಇವತ್ತಿಗೂ ಕಂಪ್ಯೂಟರಿನ ಹಣೆಗೆ ಅಂಟಿಕೊಂಡಿದೆ. ಅದರಲ್ಲಿರುವ ಅಕ್ಷರ ಅತ್ತಿಗೆಯದಲ್ಲ. ಏನು ಬರೆದಿದೆ, ಆ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೆ ಅಂತ ನಾನು ಬಾಯಿಬಿಡುವುದಿಲ್ಲ. ಎಲ್ಲಿ, ನೀವೇ ಹೇಳಿ ನೋಡೋಣ.