ಬಿಳಿಕಲ್ಲಿನ ಟಿಕೆಟ್ ಕೊಳ್ಳುವ ಹಜರತ್ ಅಲಿ

ಟಿಕೆಟ್ ಮಾರಾಟವಾಗದ ನಿಲ್ದಾಣದಲ್ಲಿ ರೈಲಿನ ನಿಲುಗಡೆ ಹೆಚ್ಚು ಕಾಲ ಉಳಿಯುವುದಿಲ್ಲ. ಇದನ್ನು ಯಾರೂ ಬಚ್ಚಿಟ್ಟಿಲ್ಲ. ದಿನಬೆಳಗಾದರೆ ರೈಲು ಹತ್ತುವ ನಾವು ಎಂದೋ ತಿಳಿದಿರಬೇಕಾಗಿದ್ದ ಸಂಗತಿ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಬರುವ ದಾರಿಯ ನಮ್ಮ ಬಿಳಿಕಲ್ಲು ಹಾಲ್ಟಿನಲ್ಲಿ ಇದನ್ನು ಅರಿತು, ಅರಿತಂತೆ ನಡೆಯುತ್ತಿರುವವರು ಒಬ್ಬರೇ: ಗ್ಯಾಸ್ ಸ್ಟೌವ್ ರಿಪೇರಿಯ ಹಜರತ್ ಅಲಿ.

ಅವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸಬಹುದು. ಹಳಿಯಡಿಯ ಅಡ್ಡ ಸ್ಲೀಪರುಗಳ ಮೇಲೆ ಕಾಲಿಟ್ಟು ನಡೆದೂ ನಡೆದೂ ರೂಢಿಯಾದ ಆ ನೀಳ ಹೆಜ್ಜೆ ದುರ್ಗದ ಡಾಂಬರು ಬೀದಿಯಲ್ಲೂ ತನ್ನ ಅಳತೆಯನ್ನು ಬಿಡುವುದಿಲ್ಲ. ಹತಾರದ ಚೀಲ ಎಡಗಡೆಗೆ ಜಗ್ಗಿದರೆ ತಲೆ ತಾನಾಗಿ ಬಲಗಡೆಗೆ ವಾಲಿ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುತ್ತ ನಡೆಯುವ ಮನುಷ್ಯನ ಭಂಗಿ ಅವರಿಗೆ ಶಾಶ್ವತವಾಗಿ ಪ್ರಾಪ್ತವಾಗಿದೆ. ಮೈಮೇಲೆ ಬೂದು ಬಣ್ಣದ ಕೋಟು, ಬಿರುಬೇಸಿಗೆಯಲ್ಲೂ. ದುರ್ಗದ ಅಂಗಡಿ ತಲುಪಿದೊಡನೆ ಅದನ್ನು ಕಳಚಿ ಮಡಿಸಿ ಮೊಳೆಗೆ ತೂಗುಹಾಕುತ್ತಾರೆ. ಸಂಜೆ ರೈಲಿಗೆ ಹೊರಡುವಾಗ ಮತ್ತೆ ತೊಡುತ್ತಾರೆ. ಆ ಕೋಟು ರೈಲಿಗಷ್ಟೇ.

ಅದಕ್ಕೊಂದು ಕಥೆಯಿದೆ. ಮೀಟರ್ ಗೇಜಿನ ಕಾಲದಿಂದ ಬಿಳಿಕಲ್ಲಿನಲ್ಲಿ ಗಾಡಿ ನಿಲ್ಲುತ್ತಿತ್ತು. ಹಳಿ ಅಗಲವಾಯಿತು, ಹೊಸ ಗಾಡಿಗಳು ಬಂದವು, ನಮ್ಮೂರನ್ನು ಕಣ್ಣೆತ್ತಿಯೂ ನೋಡದೆ ಹಾದುಹೋದವು. ದುರ್ಗದ ಮನೆತನದ ಹಜರತ್ ಅಲಿ ಆಗಷ್ಟೇ ಪ್ಯಾರಿ ಬೀಯವರನ್ನು ಮದುವೆಯಾಗಿ ಹೆಂಡತಿಯ ಊರಾದ ಬಿಳಿಕಲ್ಲಿಗೆ ಬಂದು ನೆಲೆಸಿದ್ದರು. ಊರಿನ ಜನರನ್ನು ಕಟ್ಟಿಕೊಂಡು ಬುಟ್ಟಿಬುಟ್ಟಿ ಮಣ್ಣು ಹೊತ್ತು ಪ್ಲಾಟ್‌ಫಾರಂ ಎತ್ತರಿಸಿದರು. ಅರ್ಜಿ ಹಿಡಿದು ಕಚೇರಿಗಳ ಮೆಟ್ಟಿಲು ಸವೆಸಿದರು. ಗಾಡಿ ಮತ್ತೆ ನಿಂತ ದಿನಕ್ಕೆಂದೇ ಹೊಲಿಸಿದ್ದು ಆ ಕೋಟು. ಪ್ಯಾರಿ ಬೀ ಈಗಲೂ ಚುಚ್ಚುತ್ತಾರೆ: "ನಮ್ಮ ನಿಕಾಕ್ಕೆ ಬಾಡಿಗೆ ಕೋಟು ಹಾಕ್ಕಂಡ್ ಬಂದಿದ್ರು. ರೈಲಿಗೆ ನೋಡ್ರಿ, ಸ್ವಂತದ್ದು."

ಗಾಡಿ ನಿಂತಿತು, ಊರು ಮರೆಯಿತು. ನಮ್ಮ ಮರೆವು ಎಂಥದೆಂದರೆ, ಅದು ನೋಡುವುದಕ್ಕೆ ಜಾಣತನದಂತೆಯೇ ಇತ್ತು. ಹಾಲ್ಟಿನಲ್ಲಿ ತಿಂಗಳ ಪಾಸು ಕೊಡುವುದಿಲ್ಲ. ಕಮಿಷನ್ ಮೇಲೆ ಟಿಕೆಟ್ ಕಿಟಕಿ ನಡೆಸುವ ಓಬಮ್ಮನ ಬಳಿ ಸಿಗುವುದು ಬಿಡಿ ಟಿಕೆಟ್ ಮಾತ್ರ. ಆದ್ದರಿಂದ ದಿನನಿತ್ಯ ಓಡಾಡುವವರೆಲ್ಲ ಚಿಕ್ಕಜಾಜೂರಿನಿಂದ ದುರ್ಗಕ್ಕೆಂದು ಪಾಸು ಮಾಡಿಸಿ, ನಡುವಿನ ಬಿಳಿಕಲ್ಲಿನಲ್ಲಿ ಹತ್ತಿ ಇಳಿಯತೊಡಗಿದೆವು. ಅಗ್ಗ, ನ್ಯಾಯಬದ್ಧ, ತಕರಾರಿಲ್ಲ. ಹಜರತ್ ಅಲಿ ಮಾತ್ರ ದಿನಾ ಕಿಟಕಿಗೆ ಹೋಗಿ ಬಿಳಿಕಲ್ಲಿನ ಟಿಕೆಟ್ ಕೊಂಡರು. ಬ್ಯಾಂಕಿನ ಪ್ರದೀಪ್ ಒಮ್ಮೆ ಎಲ್ಲರೆದುರೇ ಕಿಚಾಯಿಸಿದ:

"ಏನ್ ಸಾಬ್ರೆ, ರೈಲ್ವೆ ಏನು ನಿಮ್ಮ ಮಾವನ ಮನೇದಾ?"

"ನಮ್ಮ ಮಾವನ ಮನೆ ಇರಾದೇ ಇಲ್ಲಿ ಕಣಪ್ಪ. ಅಳಿಯ ಬರಿಗೈಲಿ ಓಡಾಡಿದ್ರೆ ಚೆಂದಾಗಿರ್ತೈತಾ?"

ಕಳೆದ ತಿಂಗಳು ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತರಿಸಲಿಲ್ಲ. ಇಲ್ಲಿ ಹತ್ತುವವರೇ ಇಲ್ಲವೆಂದು ವರದಿಯಿದೆ, ನಿಲುಗಡೆ ತೆಗೆಯುವ ಯೋಚನೆಯಿದೆ, ನೋಡಿಕೊಂಡು ಹೋಗಲು ಬಂದೆ ಎಂದರು. ಪ್ಲಾಟ್‌ಫಾರಂ ತುಂಬ ನಿಂತಿದ್ದ ಜನ ಕೆರಳಿದರು. "ಹತ್ತೋರಿಲ್ವಾ? ನೋಡ್ರಿ ಸ್ವಾಮಿ, ನೋಡ್ರಿ" ಎಂದು ಪ್ರದೀಪ್ ತನ್ನ ಪಾಸನ್ನು ಎತ್ತಿ ಹಿಡಿದ. ಅವನ ಹಿಂದೆ ಒಂದೊಂದೇ ಕೈ ಎದ್ದಿತು. ಗೆದ್ದೆವೆಂಬ ಹುಮ್ಮಸ್ಸಿನಲ್ಲಿ ಇಡೀ ಊರು ಪಾಸು ಹಿಡಿದು ನಿಂತಿತು. ಅಧಿಕಾರಿ ಹತ್ತಿರದ ನಾಲ್ಕಾರು ಪಾಸುಗಳನ್ನು ಓದಿ, ತುಸು ಸಂಕೋಚದಿಂದಲೇ ಹೇಳಿದರು: "ಇವೆಲ್ಲ ಚಿಕ್ಕಜಾಜೂರಿನ ಲೆಕ್ಕಕ್ಕೆ ಹೋಗ್ತವೆ. ಬಿಳಿಕಲ್ಲಿಂದು ಯಾರ ಹತ್ರ ಇದೆ?"

ಎತ್ತಿದ ಕೈಗಳು ಇಳಿದವು. ಹಜರತ್ ಅಲಿ ಕೋಟಿನ ಜೇಬಿನಿಂದ ಟಿಕೆಟ್ ತೆಗೆದು ಕೊಟ್ಟರು. ಒಂದೇ ಒಂದು. ನಮ್ಮ ಇರವಿಗೆ ಸಾಕ್ಷಿಯೆಂದು ನಾವು ಎತ್ತಿ ತೋರಿಸಿದ ಕಾಗದದ ಚೂರುಗಳೇ ನಾವಿಲ್ಲವೆಂದು ಸಾರುತ್ತಿದ್ದವು! ಈ ಮಳೆಗಾಲ ಮುಗಿಯುವವರೆಗೆ ನೋಡುತ್ತೇವೆ ಎಂದು ಹೇಳಿ ಅಧಿಕಾರಿ ಹೊರಟರು.

ಮಾರನೆಯ ದಿನ ಹಜರತ್ ಅಲಿ ಯಾರನ್ನೂ ಜರೆಯಲಿಲ್ಲ. ಕಿಟಕಿಯ ಪಕ್ಕ ನಿಂತು, ಬಂದವರಿಗೆಲ್ಲ ಒಂದೇ ಮಾತು: "ಪಾಸು ನೀವಿರಾದು ಹೇಳ್ತೈತೆ. ಊರಿರಾದು ಹೇಳಲ್ಲ. ತಗಳ್ರಿ." ದುರ್ಗದಲ್ಲಿ ನರ್ಸಿಂಗ್ ಓದುವ ಶಾಂತಿ ಚೀಲ ತಡಕುತ್ತ ಮುಂದೆ ಬಂದಳು. ಇಲ್ಲಿನ ನಿಲುಗಡೆ ತಪ್ಪಿದರೆ ಬಸ್ಸಿನ ರಸ್ತೆಗೆ ಅವಳು ಹೊಲಗಳ ನಡುವೆ ಐದು ಮೈಲಿ ನಡೆಯಬೇಕು. ಹಾಗೇನಾದರೂ ಆದರೆ ಓದು ಬಿಡಿಸುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಹಜರತ್ ಅಲಿ ಅವಳ ಕೈಗೆ ಅಡ್ಡ ಕೈ ಇಟ್ಟರು.

"ನೀನು ಬ್ಯಾಡ ಕಣವ್ವ. ನಿಂಗೆ ಪಾಸೇ ಸಾಕು."

"ನಾನೂ ಇಲ್ಲೇ ಹತ್ತೋದಲ್ವಾ ಅಜ್ಜಾ?"

"ನೀನು ಹತ್ತಲಿ ಅಂತ್ಲೇ ನಾವು ತಗಳ್ಳಾದು. ಸಂಬಳದೋರು ಅದಾರಲ್ಲ, ಹಿಂದೆ ನಿಂತ್ಕಂಡು ಮೊಬೈಲ್ ನೋಡ್ತಾ."

ಪ್ರದೀಪ್ ಮೊಬೈಲನ್ನು ಜೇಬಿಗೆ ಹಾಕಿದ. ಬಂದ, ಟಿಕೆಟ್ ತೆಗೆದುಕೊಂಡ. ಅವನ ಹಿಂದೆ ಮತ್ತೂ ಕೆಲವರು ಬಂದರು. ಉಳಿದವರು, ಮೇಷ್ಟರುಗಳು, ಗುಮಾಸ್ತರು, ಸಭೆಯಲ್ಲಿ ಊರಭಿಮಾನದ ಭಾಷಣ ಬಿಗಿಯುವವರು, ಹಳಿಯ ಆಚೆಯ ಬೇವಿನ ಮರವನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಂತಿದ್ದರು. ಈಗಲೂ ನಿಲ್ಲುತ್ತಿದ್ದಾರೆ. ಮಳೆಗಾಲ ಅರ್ಧ ಕಳೆದಿದೆ.

ಲೋಕದಲ್ಲಿ ಹಕ್ಕು ಕೇಳುವವರು ಹೇರಳ. ಪಡೆದ ಹಕ್ಕನ್ನು ಪ್ರತಿದಿನ ಒರೆಸಿ ಎಣ್ಣೆ ಹಚ್ಚಿ ಕಾಯುವ ಜನ ವಿರಳ. ಅವರ ಹೆಸರಿನಲ್ಲಿ ಶಿಲಾಫಲಕ ಏಳುವುದಿಲ್ಲ, ಮೆರವಣಿಗೆ ಹೊರಡುವುದಿಲ್ಲ. ಅವರ ಹಟವನ್ನು ಹುಚ್ಚೆಂದು ನಕ್ಕು, ಆ ಹುಚ್ಚಿನ ನೆರಳಲ್ಲೇ ನಾವು ಹಾಯಾಗಿ ಓಡಾಡಿಕೊಂಡಿರುತ್ತೇವೆ. ಒಬ್ಬರೇ ಹೊತ್ತರೆ ಸೋಲುವ ಭಾರ ಅದು, ಎಷ್ಟು ದೊಡ್ಡವರಾದರೂ ಸೋಲುತ್ತಾರೆ. ತಿಂಗಳು ತಿಂಗಳು ಸಂಬಳ ಎಣಿಸಿ, ಬಿಳಿಕಲ್ಲಿನಲ್ಲಿ ರೈಲು ಹತ್ತಿ, ಕಿಟಕಿ ಪಕ್ಕ ಕೂತು ಈ ಪುಟ ಓದುತ್ತಿರುವವರೇ, ನಾಳೆ ಬೆಳಿಗ್ಗೆ ಮೊದಲು ಓಬಮ್ಮನ ಕಿಟಕಿಗೆ ಕೈ ಚಾಚಿ. ಬಿಳಿಕಲ್ಲಿನ ಟಿಕೆಟ್ ಕೊಳ್ಳಿ. ಆಮೇಲೆ ಹತ್ತಿ.