ಹೆಬ್ಬೆರಳಿನ ಅಳತೆ

"ಇನ್ನೂ ಸಡಿಲ ಐತೆ. ಬಿಗಿ ಮಾಡು," ಅಂದರು ರಂಗಸ್ವಾಮಿ, ಕಣ್ಣು ಮುಚ್ಚಿಕೊಂಡೇ.

ಅವರ ಹೆಂಡತಿ ಗಂಗಾಮಣಿ ಸ್ಪ್ಯಾನರ್ ಹಿಡಿದು ಕಬ್ಬಿಣ ಕಡೆಯುವ ಲೇತ್ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಕಸ ಗುಡಿಸುವಷ್ಟರಲ್ಲೇ ಯಸಳೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಸುನಿಲ್‌ಕುಮಾರ್ ಜೀಪು ತಂದು ನಿಲ್ಲಿಸಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಅಚ್ಚು ತಿರುಗುವ ಬಳೆ, ಬುಷ್, ಸವೆದು ಮಿಷನ್ ನಿಂತುಬಿಟ್ಟಿತ್ತು. ನಿನ್ನೆ ಕೊಯ್ದ ಹಣ್ಣು ರಾಶಿ ಬಿದ್ದಿತ್ತು. ಇನ್ನು ತಡವಾದರೆ ಹುಳಿ ವಾಸನೆ ಹೊಡೆಯಲು ಶುರುವಾಗುತ್ತಿತ್ತು. ಹೊಸ ಬುಷ್ ಕಡೆಯಲು ಕೂತರೆ ಲೇತ್‌ನ ಹಳೇ ಬೆಲ್ಟ್ ಅದೇ ಹೊತ್ತಿಗೆ ಕಿತ್ತು ಕೈಗೆ ಬಂತು. ಗ್ರಹಚಾರ ಅನ್ನುವುದು ಹೀಗೇ, ಒಂದರ ಬೆನ್ನಿಗೆ ಇನ್ನೊಂದು. ಪುಣ್ಯಕ್ಕೆ ಹೊಸ ಬೆಲ್ಟೊಂದು ತಂದಿಟ್ಟಿದ್ದಳು.

ಬೆಲ್ಟ್ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ಪ್ಲಗ್ ಕಿತ್ತು, ಮೋಟರಿನ ಬೋಲ್ಟು ಸಡಿಲಿಸಿ, ಮೋಟರನ್ನು ಮುಂದೆ ತಳ್ಳಿ ಬೆಲ್ಟ್ ಏರಿಸಬೇಕು, ಮತ್ತೆ ಹಿಂದಕ್ಕೆಳೆದು ಬೋಲ್ಟು ಕಚ್ಚಿಸಬೇಕು. ಎಷ್ಟು ಎಳೆಯಬೇಕು ಅನ್ನುವುದರಲ್ಲೇ ಇರುವುದು ಎಲ್ಲ. ಸಡಿಲವಾದರೆ ಬೆಲ್ಟ್ ಜಾರಿ ರಬ್ಬರು ಸುಟ್ಟ ವಾಸನೆ ಬರುತ್ತದೆ. ಬಿಗಿಯಾದರೆ ಬೇರಿಂಗ್ ಕಾದು ಲೇತ್‌ನ ಆಯಸ್ಸೇ ಮುಗಿಯುತ್ತದೆ. ಬೆಲ್ಟಿನ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಬೆರಳು ದಪ್ಪದಷ್ಟು ತಗ್ಗಬೇಕು, ಅಷ್ಟೇ.

ಬೆಳಗೋಡಿನಲ್ಲಿ ಆ ಹೆಬ್ಬೆರಳೆಂದರೆ ರಂಗಸ್ವಾಮಿಯದು. ಅವರು ಬೆಲ್ಟನ್ನು ಕಣ್ಣಲ್ಲಿ ನೋಡಿದವರೇ ಅಲ್ಲ. ಲೇತ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳು ಒತ್ತಿ "ಹೂಂ" ಅಂದರೆ ದಿನದ ಕೆಲಸ ಶುರು. ಕೆಲಸಕ್ಕೆ ಎರಡೂ ಕೈ ಬೇಕು, ಅದು ಬೇರೆ ಮಾತು. ಇದು ಮಾತ್ರ ದೀಪ ಹಚ್ಚಿದಂತೆ, ಬಲಗೈಯೇ ಆಗಬೇಕು. ಎಡಗೈ ತಾಗಿಸಿದರೆ ಮಿಷನ್ನಿಗೆ ಅವಮಾನ ಅನ್ನುವ ಮನುಷ್ಯ.

ಲಕ್ವ ಹೊಡೆದದ್ದು ಆ ಬಲಗಡೆಗೇ. ಕಾಲು ಒಂದಿಷ್ಟು ಚೇತರಿಸಿಕೊಂಡಿತು, ಮಾತೂ ವಾಪಸ್ಸು ಬಂತು. ಬಲಗೈ ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಬಿಸಿ ಕಾಫಿ ಲೋಟ ಹಿಡಿದು ಬೊಬ್ಬೆ ಎದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಟೂಲು ಎತ್ತಿಕೊಡುತ್ತ ಕೆಲಸ ನೋಡಿದ್ದ ಗಂಗಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಲೇತ್ ಮುಂದೆ ನಿಂತಳು. ಹೆಂಗಸಿಗೇನು ಗೊತ್ತಾದೀತು ಎಂದು ಮೂಗು ಮುರಿದವರೇ ಆಮೇಲೆ ಮೋಟರು, ಪಂಪು ಎಂದು ಹೊತ್ತುಕೊಂಡು ಬಂದರು.

ಒಂದನ್ನು ಮಾತ್ರ ಅವಳು ಗಂಡನಿಗೇ ಬಿಟ್ಟಿದ್ದಳು. ದಿನಾ ಬೆಳಿಗ್ಗೆ "ಬನ್ನಿ, ಬೆಲ್ಟ್ ನೋಡಿ," ಎಂದು ಕರೆಯುವಳು. ಅವರು ಕಾಲೆಳೆಯುತ್ತ ಬಂದು ಒತ್ತುವರು. ಆ ಸತ್ತ ಬೆರಳಿಗೆ ಯಾವ ಬೆಲ್ಟಾದರೂ ಸಡಿಲವೇ. ಬಿಗಿ ಮಾಡು ಅನ್ನುವರು. ಅವಳು ಮಾಡುವಳು. "ಹೂಂ" ಅಂದು ಅವರು ಹೊರಗಿನ ಬೆಂಚಿಗೆ ಹೋದ ಮೇಲೆ ಸದ್ದಾಗದಂತೆ ಬೋಲ್ಟು ತಿರುಗಿಸಿ ಮೊದಲಿನ ಹದಕ್ಕೆ ತರುವಳು. ಮೋಸ ಅನ್ನುವುದಾದರೆ ಅನ್ನಿ. ಅದೊಂದು ಗಳಿಗೆ ಅವರು ಮೇಸ್ತ್ರಿ ಆಗಿರುತ್ತಿದ್ದರು, ಮಿಕ್ಕ ದಿನವೆಲ್ಲ ರೋಗಿ. ಆ ಗಳಿಗೆ ಕೈತಪ್ಪಿದರೆ ಗಂಡ ಮಂಚ ಹಿಡಿದುಬಿಡುತ್ತಾರೆ ಅನ್ನುವ ಭಯ ಗಂಗಾಮಣಿಗೆ ನಿಜವಾಗಿಯೂ ಇತ್ತು.

ದಿನವೂ ಒಂದೇ ಸಲಕ್ಕೆ ಮುಗಿಯುತ್ತಿದ್ದದ್ದು ಈವತ್ತು ಮುಗಿಯಲೊಲ್ಲದು. ಎದುರಿಗೆ ರೈಟರ್ ನಿಂತಿದ್ದ, ಅದಕ್ಕೇ ಇರಬೇಕು. ರಂಗಸ್ವಾಮಿಗೆ ಹುರುಪು ಬಂದಿತ್ತು.

"ನೋಡಪ್ಪ ಸುನಿಲ, ಇಂಥ ಕೆಲ್ಸಕ್ಕೆ ಆತುರ ಮಾಡ್ಬಾರದು. ಬೆಲ್ಟ್ ಮಾತಾಡ್ತದೆ, ಕೇಳಿಸ್ಕಬೇಕು." ಮತ್ತೆ ಒತ್ತಿದರು. "ಇಲ್ಲ ಕಣೇ. ಇನ್ನೂ ಎಳಿ."

ಅವಳು ಎಳೆದಳು. ಬೆಲ್ಟ್ ತಂಬೂರಿ ತಂತಿಯ ಹಾಗೆ ಸೆಟೆದುಕೊಂಡಿತ್ತು. ಬೋಲ್ಟಿನ ತಿರುಪೇ ಕಿತ್ತುಹೋಗುತ್ತದೆಯೇನೋ ಎಂದು ಅವಳು ಸ್ಪ್ಯಾನರನ್ನು ನಿಧಾನಕ್ಕೆ ತಿರುಗಿಸಿದಳು.

"ಅಮ್ಮ, ಯಜಮಾನ್ರು ಹೇಳ್ದಂಗೆ ಬೇಗ ಮಾಡ್ಬುಡಿ," ಅಂದ ಸುನಿಲ್‌ಕುಮಾರ್. ಅವನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. "ಅನುಭವಸ್ಥರು ಅವ್ರು. ನಿಮಗೆ ಎಳೆಯಕ್ಕೆ ಆಗ್ದಿದ್ರೆ ನಾನು ಕೈ ಹಾಕ್ಲಾ?"

"ಹಾಕಪ್ಪ ಹಾಕು. ಇವ್ಳಿಗೆ ಅಷ್ಟು ಕಸುವಿಲ್ಲ," ಎಂದು ರಂಗಸ್ವಾಮಿ ನಕ್ಕರು.

ಆ ನಗೆ ಅವಳಿಗೆ ಚುಚ್ಚಿತು. ಬೆಳಗಿನಿಂದ ತಡೆದುಕೊಂಡದ್ದು, ಅದಕ್ಕೂ ಹಿಂದಿನಿಂದ ತಡೆದುಕೊಂಡದ್ದು, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ನಿಮ್ಮ ಬೆರಳಿಗೆ ಏನು ಗೊತ್ತಾಯ್ತದೆ ಅಂತ ಹೇಳ್ತೀರಿ?" ಅಂದಳು. "ಬೊಬ್ಬೆ ಎದ್ರೆ ತಿಳಿಯಲ್ಲ, ಬೆಲ್ಟ್ ಬಿಗಿ ತಿಳೀತದಾ? ನೀವು ಹೇಳ್ದಂಗೆ ಓಡ್ಸಿದ್ರೆ ಈ ಲೇತ್ ಯಾವಾಗ್ಲೋ ಗುಜರಿಗೆ ಹೋಗ್ತಿತ್ತು. ದಿನಾ ನೀವು ಆಚೆ ಹೋದ್ಮೇಲೆ ನಾನು ಮತ್ತೆ ಸಡಿಲ ಮಾಡ್ತೀನಿ. ದಿನಾ."

ರೈಟರ್ ಫೋನು ಕಿವಿಗಿಟ್ಟುಕೊಂಡು ಜೀಪಿನ ಕಡೆ ನಡೆದ. ರಂಗಸ್ವಾಮಿ ಕಣ್ಣು ಬಿಟ್ಟರು. ಹೆಬ್ಬೆರಳನ್ನು ಬೆಲ್ಟಿನ ಮೇಲಿಂದ ತೆಗೆದು ಪಂಚೆಗೆ ಒರೆಸಿಕೊಂಡರು, ಅದಕ್ಕೇನೂ ಅಂಟಿರಲಿಲ್ಲ. ಕಾಲೆಳೆಯುತ್ತ ಹೊರಗೆ ಹೋದರು. ಗಂಗಾಮಣಿ ಬೋಲ್ಟು ಸಡಿಲಿಸಿ ಹದ ಮಾಡಿಕೊಂಡಳು. ಬುಷ್ ಚೆನ್ನಾಗಿ ಬಂತು. ರೈಟರ್ ಹೊಗಳಿ ಹೋದ. ಆ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮುನಿಸಿಕೊಳ್ಳುತ್ತಾರೆ, ತಟ್ಟೆ ತಳ್ಳುತ್ತಾರೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ಕಲಸಿಕೊಂಡರು, ಇನ್ನೊಂದು ಸೌಟು ಸಾರೂ ಕೇಳಿದರು.

"ನನ್ನದು ತಪ್ಪಾಯ್ತು," ಅಂದಳು ಗಂಗಾಮಣಿ. "ಹೊರಗಿನವರ ಮುಂದೆ ಹಂಗೆ ಅನ್ಬಾರದಿತ್ತು."

"ನಂದೂ ಇತ್ತಲ್ಲ. ಆ ಹುಡುಗನ ಮುಂದೆ ನಾನೂ ಸ್ವಲ್ಪ ಜಾಸ್ತಿನೇ ಮಾಡ್ಬುಟ್ಟೆ." ಒಂದು ತುತ್ತು ನುಂಗಿ ನೀರು ಕುಡಿದರು. "ನೀನು ಸಡಿಲ ಮಾಡ್ತಿದ್ದಿದ್ದು ನಂಗೆ ಮೊದಲಿಂದ್ಲೂ ಗೊತ್ತಿತ್ತು ಗಂಗಾ."

ಅವಳ ಕೈ ಅನ್ನದಲ್ಲೇ ನಿಂತಿತು.

"ಬೆಲ್ಟ್ ಬಿಗಿಯಾಗಿ ಓಡಿದ್ರೆ ಬೇರಿಂಗ್ ಸದ್ದೇ ಬೇರೆ. ಆಚೆ ಬೆಂಚಲ್ಲಿ ಕೂತ್ರೆ ಚೆನ್ನಾಗಿ ಕೇಳ್ತದೆ. ಕೈ ಹೋಗೈತೆ, ಕಿವಿ ಹೋಗಿಲ್ಲವಲ್ಲ."

"ಗೊತ್ತಿದ್ದೂ ಯಾಕೆ ದಿನಾ ಬಂದು ಒತ್ತುತಿದ್ರಿ?"

"ನೀನು ಕರೀತಿದ್ದೆ," ಅಂದರು. "ಕರೆದಾಗ ಚೆನ್ನಾಗಿರ್ತಿತ್ತು."

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ತಾನು ಗಂಡನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು, ಅವರು ಅದನ್ನು ತಿಳಿದೂ ಅವಳಿಗೆ ಕಾಯಲು ಬಿಟ್ಟಿದ್ದರು. ಇಬ್ಬರೂ ಕೂಡಿ ಇಷ್ಟು ದಿನ ಎತ್ತಿಹಿಡಿದಿದ್ದನ್ನು ತಾನೊಬ್ಬಳೇ ಕೆಡವಿದೆನಲ್ಲ ಎಂದುಕೊಂಡಳು. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ತನಗೆ ತಾನೇ ಬೈದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಗಂಗಾಮಣಿ ಎಂದಿನಂತೆ ಬೆಲ್ಟ್ ಓಡುವ ಪುಲ್ಲಿ ಒರೆಸಿ, ಬಾಗಿಲಿಗೆ ಬಂದು ನಿಂತಳು. ರಂಗಸ್ವಾಮಿ ಬೆಂಚಿನ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು.

"ಬನ್ನಿ, ಬೆಲ್ಟ್ ನೋಡಿ."

"ನೀನೇ ನೋಡ್ಕೊ. ಸರಿ ಇರ್ತದೆ."

"ಹೊಸದಲ್ವಾ, ಒಂದಿನ ಓಡಿದ್ರೆ ಹಿಗ್ಗಿರ್ತದೆ. ನಂಗೆ ತಿಳಿಯಲ್ಲ."

"ತಿಳೀತದೆ ಮಾರಾಯ್ತಿ. ನಂಗಿಂತ ಚೆನ್ನಾಗಿ ತಿಳೀತದೆ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಹೇಗಾದರೂ ಸಮಾಧಾನ ಮಾಡುತ್ತಿದ್ದಳು.

ಒಳಗೆ ಬಂದು ಒತ್ತಿ ನೋಡಿದಳು. ಬೆಲ್ಟ್ ನಿಜವಾಗಿಯೂ ಹಿಗ್ಗಿತ್ತು. ಬೋಲ್ಟು ಬಿಚ್ಚಿ, ಮೋಟರನ್ನು ಒಂದಿಷ್ಟು ಹಿಂದಕ್ಕೆಳೆದು, ಮತ್ತೆ ಕಚ್ಚಿಸಿ ಒತ್ತಿದಳು. ಒಂದು ಬೆರಳು ದಪ್ಪ ತಗ್ಗಿತು. ಪ್ಲಗ್ ಹಾಕಿ ಸ್ವಿಚ್ಚು ಒತ್ತಿದಳು. ಲೇತ್ ಒಂದಿಷ್ಟೂ ಅಪಸ್ವರವಿಲ್ಲದೆ ಓಡತೊಡಗಿತು.

ಸದ್ದು ಕೇಳಿದ್ದೇ ರಂಗಸ್ವಾಮಿ ಬೆಂಚು ಬಿಟ್ಟೆದ್ದರು. ಒಳಗೆ ಬರುತ್ತಾರೆಂದು ಅವಳು ಕೈ ಒರೆಸಿಕೊಂಡು ಸರಿದು ನಿಂತಳು. ಅವರು ರಸ್ತೆಗಿಳಿದು, ಕಾಲೆಳೆಯುತ್ತ, ಲೇತ್ ಸದ್ದು ಕೇಳದಷ್ಟು ದೂರ ಬಸ್ ನಿಲ್ದಾಣದವರೆಗೆ ನಡೆದರು. ಸಕಲೇಶಪುರದ ಬಸ್ಸು ಬಂದು ನಿಂತಿತು. ಜನ ಹತ್ತಿಕೊಂಡರು. ಅದು ಹೋದ ಮೇಲೂ ಅವರು ಅಲ್ಲೇ, ಶೆಡ್ಡಿಗೆ ಬೆನ್ನು ಮಾಡಿ ನಿಂತಿದ್ದರು.